ಹುಡುಕಾಟಕ್ಕೂ ಬೆಲೆಯಿದೆ: ಪಿಎಚ್‌.ಡಿ. ಮಟ್ಟದಲ್ಲಿ ಮಾದರಿ ಆಯ್ಕೆಯ ಅಧ್ಯಯನ

ಕುಮಟಾ, ಹೊನ್ನಾವರ, ಭಟ್ಕಳ ತಾಲೂಕುಗಳಲ್ಲಿ ಅಳೆದು ಎಣಿಸಿಟ್ಟ ಸಂಗತಿಗಳಿಗೆ ಬರವಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದವರು 1980ರ ದಶಕದಲ್ಲೇ ಕುಮಟಾವನ್ನು ನೆಲೆಯಾಗಿಸಿಕೊಂಡು ಉತ್ತರ ಕನ್ನಡದ ಕಾಡುಗಳಲ್ಲಿ ಮರಗಳನ್ನು ಗುರುತಿಸಿ, ಸುತ್ತಳತೆ ಬರೆದಿಟ್ಟರು. ಹೊನ್ನಾವರದಲ್ಲಿ ಹವಾಮಾನ ಇಲಾಖೆಯ ವೀಕ್ಷಣಾಲಯವಿದೆ. ಕರಾವಳಿಯಲ್ಲಿ ದಡ ಸೇರುವ ಬಂಗಡೆ, ತಾರ್ಲೆಗಳ ಅಂದಾಜು ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಪಟ್ಟಿಗಳಲ್ಲಿದೆ. ಆ ಸಂಸ್ಥೆಯ ಒಂದು ಕೇಂದ್ರ ಕಾರವಾರದಲ್ಲೇ ಇದೆ. ಅಘನಾಶಿನಿ ಅಳಿವೆಯ ಬಳಚು, ಘಟ್ಟದ ಸಿಂಗಳೀಕ, ಕಾಡಂಚಿನ ಊರುಗಳ ಮಂಗನ ಕಾಯಿಲೆ ಎಲ್ಲವೂ ಸಂಶೋಧಕರ ಕಣ್ಣಿಗೆ ಬಿದ್ದಿವೆ. ಇಂಥ ದತ್ತಾಂಶ ಹಿಡಿದು ಧಾರವಾಡದಲ್ಲೋ ಬೆಂಗಳೂರಿನಲ್ಲೋ ಪಿಎಚ್‌.ಡಿ.ಗೆ ಕೂತವರ ಮುಂದೆ ಒಂದಲ್ಲ ಒಂದು ದಿನ ಒಂದೇ ಪ್ರಶ್ನೆ ಬಂದು ನಿಲ್ಲುತ್ತದೆ: ಹತ್ತಾರು ಸಮೀಕರಣಗಳಲ್ಲಿ ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು? ಈ ಪ್ರಶ್ನೆಯನ್ನು ನಮ್ಮಲ್ಲಿ ಕಲಿಯುತ್ತಿರುವ, ಕಲಿಸುತ್ತಿರುವ ರೀತಿಯಲ್ಲಿ ಒಂದು ಮುಖ್ಯ ಲೆಕ್ಕ ಬಿಟ್ಟುಹೋಗುತ್ತಿದೆ ಎಂಬುದು ಈ ಲೇಖನದ ವಾದ. ಆರಿಸಿದ ಮಾದರಿಯ ಲೆಕ್ಕ ಪ್ರಬಂಧದಲ್ಲಿ ಇರುತ್ತದೆ. ಅದನ್ನು ಆರಿಸುವುದಕ್ಕೆ ಎಷ್ಟು ಹುಡುಕಿದೆವು ಎಂಬ ಲೆಕ್ಕ ಇರುವುದಿಲ್ಲ.

ಮೊದಲು ಮಾತಿನ ತೊಡಕೊಂದನ್ನು ಬಿಡಿಸಿಕೊಳ್ಳಬೇಕು. ಕನ್ನಡದಲ್ಲಿ ‘ಮಾದರಿ’ ಎಂಬ ಒಂದೇ ಶಬ್ದ ಮಾಡೆಲ್‌ಗೂ ಸ್ಯಾಂಪಲ್‌ಗೂ ದುಡಿಯುತ್ತದೆ. ಇಲ್ಲಿ ಮಾದರಿಯೆಂದರೆ ಮಾಡೆಲ್. ಎಣಿಕೆಗೆ ಆರಿಸಿ ತೆಗೆದದ್ದನ್ನು ನಮೂನೆ ಎನ್ನುತ್ತೇನೆ. ಕೈಯಲ್ಲಿರುವ ಅಂಕಿಗಳಿಗೆ ಮಾದರಿ ಎಷ್ಟು ಚೆನ್ನಾಗಿ ಹೊಂದುತ್ತದೆ ಎಂಬುದನ್ನೇ ನೋಡಿದರೆ ಯಾವಾಗಲೂ ದೊಡ್ಡ ಮಾದರಿಯೇ ಗೆಲ್ಲುತ್ತದೆ, ಏಕೆಂದರೆ ಅರ್ಥವಿಲ್ಲದ ಇನ್ನೊಂದು ಅಂಶ ಸೇರಿಸಿದರೂ ಹೊಂದಿಕೆ ಕೂದಲೆಳೆಯಷ್ಟಾದರೂ ಏರುತ್ತದೆಯೇ ಹೊರತು ಇಳಿಯುವುದಿಲ್ಲ. ಹಾಗಾಗಿ ದೊಡ್ಡದಕ್ಕೆ ದಂಡ ಹಾಕಬೇಕು. ಜಪಾನಿನ ಹಿರೊತುಗು ಅಕಾಯಿಕೆ 1973ರಲ್ಲಿ ಸೂಚಿಸಿದ ಎಐಸಿ ಎಂಬ ಅಳತೆ ಪ್ರತಿ ಹೆಚ್ಚುವರಿ ಗುಣಾಂಕಕ್ಕೆ 2ರಷ್ಟು ದಂಡ ವಿಧಿಸುತ್ತದೆ. ಗಿಡಿಯನ್ ಶ್ವಾರ್ಜ್ 1978ರಲ್ಲಿ ಕೊಟ್ಟ ಬಿಐಸಿ, ದಂಡವನ್ನು ನಮೂನೆಯ ಗಾತ್ರದ ಲಾಗರಿದಮ್ಮಿಗೆ ಕಟ್ಟುತ್ತದೆ. 50 ಅಂಕಿಗಳಿದ್ದರೆ ದಂಡ 3.9, ಸಾವಿರವಿದ್ದರೆ 6.9. ಮ್ಯಾಲೋಸ್‌ರ ಸಿಪಿ, 1996ರಲ್ಲಿ ಟಿಬ್ಶಿರಾನಿ ತಂದ ಲ್ಯಾಸೊ, ಅಂಕಿಗಳ ಒಂದು ಭಾಗವನ್ನು ಬದಿಗಿಟ್ಟು ಪರೀಕ್ಷಿಸುವ ಕ್ರಾಸ್ ವ್ಯಾಲಿಡೇಶನ್ ಎಲ್ಲವೂ ಇದೇ ಕುಟುಂಬದವು. ಈ ವಿಷಯಕ್ಕೆ ನಮ್ಮ ನಾಡಿನ ಕೊಡುಗೆಯೂ ಸಣ್ಣದಲ್ಲ. 1920ರಲ್ಲಿ ಹೂವಿನ ಹಡಗಲಿಯಲ್ಲಿ ಹುಟ್ಟಿದ ಸಿ.ಆರ್. ರಾವ್ ಅವರು ವೂ ಅವರೊಡನೆ 1989ರಲ್ಲಿ ಬಯೋಮೆಟ್ರಿಕಾ ಪತ್ರಿಕೆಯಲ್ಲಿ, ನಮೂನೆ ಬೆಳೆದಂತೆಲ್ಲ ಸರಿಯಾದ ರಿಗ್ರೆಷನ್ ಮಾದರಿಯನ್ನೇ ಖಚಿತವಾಗಿ ತಲುಪುವ ಆಯ್ಕೆ ವಿಧಾನವೊಂದನ್ನು ಮಂಡಿಸಿದ್ದರು.

ಈ ಅಳತೆಗಳಲ್ಲಿ ಯಾವುದು ಮೇಲು ಎಂಬ ಚರ್ಚೆಯಲ್ಲೇ ಎಷ್ಟೋ ಪ್ರಬಂಧಗಳು ಮುಗಿದುಹೋಗುತ್ತವೆ. ಆ ಚರ್ಚೆಗೆ ಒಂದು ಮಟ್ಟಿಗೆ ತೆರೆ ಬಿದ್ದಾಗಿದೆ. ಪಟ್ಟಿಯಲ್ಲಿ ನಿಜವಾದ ಮಾದರಿ ಇದ್ದರೆ, ನಮೂನೆ ದೊಡ್ಡದಾದಂತೆ ಬಿಐಸಿ ಅದನ್ನೇ ಹಿಡಿಯುತ್ತದೆ. ಮುಂದಿನ ಅಂಕಿಯನ್ನು ಊಹಿಸುವುದೇ ಗುರಿಯಾಗಿದ್ದರೆ ಎಐಸಿ ವಾಸಿ. ಎರಡೂ ಗುಣಗಳನ್ನು ಪೂರ್ತಿಯಾಗಿ ಒಂದೇ ವಿಧಾನದಲ್ಲಿ ಕೂಡಿಸಲಾಗದು ಎಂದು ಯುಹಾಂಗ್ ಯಾಂಗ್ 2005ರಲ್ಲಿ ಸಾಧಿಸಿ ತೋರಿಸಿದರು. ಆದ್ದರಿಂದ ಯಾವ ಅಳತೆ ಎಂಬ ಪ್ರಶ್ನೆಗೆ ಮೊದಲು ಏತಕ್ಕಾಗಿ ಮಾದರಿ ಎಂಬ ಪ್ರಶ್ನೆ ಬರಬೇಕು. ಆಗಸ್ಟಿನಲ್ಲಿ ದೋಣಿ ಇಳಿಸುವವರಿಗೆ ಮೀನಿನ ಮುನ್ಸೂಚನೆ ಕೊಡುವ ಮಾದರಿ ಬೇರೆ. ಮೀನು ಏಕೆ ಕಡಿಮೆಯಾಯಿತು ಎಂದು ವಿವರಿಸುವ ಮಾದರಿ ಬೇರೆ. ಇಷ್ಟನ್ನು ಒಳ್ಳೆಯ ಮೇಷ್ಟರುಗಳು ಹೇಳಿಕೊಡುತ್ತಾರೆ. ಹೇಳದೆ ಬಿಡುವುದು ಮುಂದಿನ ಮಾತನ್ನು.

ಒಂದು ಸರಳ ಲೆಕ್ಕ ನೋಡಿ. ಏನೇನೂ ಸಂಬಂಧವಿಲ್ಲದ ಒಂದು ಅಂಶವನ್ನು ಎಐಸಿ ತಪ್ಪಾಗಿ ಒಳಗೆ ಬಿಟ್ಟುಕೊಳ್ಳುವ ಸಂಭವ, ನಮೂನೆ ಸಾಕಷ್ಟು ದೊಡ್ಡದಿದ್ದರೂ, ಸುಮಾರು 16 ಪ್ರತಿಶತ. ಅಂಥ 20 ಅಂಶಗಳು ಬಾಗಿಲಲ್ಲಿ ನಿಂತಿದ್ದರೆ ಸರಾಸರಿ ಮೂರು ಒಳಗೆ ಬರುತ್ತವೆ. 10 ಅಂಶಗಳಿಂದ ಕಟ್ಟಬಹುದಾದ ಮಾದರಿಗಳು 1,024. 16 ಅಂಶಗಳಿಂದ 65,536. 20 ಅಂಶಗಳಿಂದ ಹತ್ತು ಲಕ್ಷಕ್ಕೂ ಹೆಚ್ಚು. ಇಷ್ಟರಲ್ಲಿ ಚೆನ್ನಾಗಿರುವುದನ್ನು ಆರಿಸಿ, ಆಮೇಲೆ ಅದೇ ಅಂಕಿಗಳ ಮೇಲೆ ಪಿ-ಮೌಲ್ಯ ಬರೆದರೆ ಆ ಮೌಲ್ಯಕ್ಕೆ ಪಠ್ಯಪುಸ್ತಕ ಹೇಳುವ ಅರ್ಥ ಉಳಿಯುವುದಿಲ್ಲ. ಡೇವಿಡ್ ಫ್ರೀಡ್ಮನ್ 1983ರಲ್ಲಿ ಇದನ್ನು ಪ್ರಯೋಗವಾಗಿ ಮಾಡಿ ತೋರಿಸಿದರು. 100 ಸಾಲು, 51 ಕಂಬಸಾಲುಗಳ ತುಂಬ ಬರೀ ಯಾದೃಚ್ಛಿಕ ಸಂಖ್ಯೆಗಳು. ಯಾವುದಕ್ಕೂ ಯಾವುದರ ನಂಟೂ ಇಲ್ಲ. ಮೊದಲ ಜರಡಿಯಲ್ಲಿ 15 ಅಂಶಗಳು ಉಳಿದವು. ಆ ಹದಿನೈದನ್ನೇ ಇಟ್ಟು ಮತ್ತೆ ಲೆಕ್ಕ ಮಾಡಿದಾಗ 6 ಅಂಶಗಳು 5 ಪ್ರತಿಶತ ಮಟ್ಟದಲ್ಲಿ ‘ಅರ್ಥಪೂರ್ಣ’ವಾಗಿ ಕಂಡವು. ಗಾಳಿಯನ್ನು ಜರಡಿ ಹಿಡಿದು ಕಾಳು ಸಿಕ್ಕಿತೆಂದು ಬರೆದಂತೆ. ಲೀಬ್ ಮತ್ತು ಪ್ಯೋಟ್ಷರ್ 2005ರಲ್ಲಿ ಇನ್ನೂ ಕಠಿಣವಾದ ಮಾತು ಹೇಳಿದರು: ಆಯ್ಕೆಯ ನಂತರದ ಅಂದಾಜು ಯಾವ ಹಂಚಿಕೆಯಲ್ಲಿ ಹರಡಿಕೊಂಡಿದೆ ಎಂಬುದನ್ನು ಎಲ್ಲ ಸಂದರ್ಭಗಳಿಗೂ ಸಮನಾಗಿ ನಂಬುವಂತೆ ಅಂದಾಜಿಸುವುದೇ ಸಾಧ್ಯವಿಲ್ಲ. ಪಿಎಚ್‌.ಡಿ. ಮಟ್ಟದ ಅಧ್ಯಯನ ನಿಜಕ್ಕೂ ಶುರುವಾಗಬೇಕಾದ್ದು ಇಲ್ಲಿಂದ.

ಇದು ಹೊರಗಿನಿಂದ ಬಂದ ಎಚ್ಚರಿಕೆಯೂ ಅಲ್ಲ, ಹೊಸದೂ ಅಲ್ಲ. ಭಾರತೀಯ ಹವಾಮಾನ ಇಲಾಖೆಯ ಮುಖ್ಯಸ್ಥರಾಗಿ 1904ರಿಂದ 1924ರವರೆಗೆ ಇದ್ದ ಗಿಲ್ಬರ್ಟ್ ವಾಕರ್, ಮುಂಗಾರು ಮಳೆಗೂ ಜಗತ್ತಿನ ಬೇರೆ ಬೇರೆ ಕಡೆಯ ಒತ್ತಡ, ಉಷ್ಣತೆ, ಹಿಮಪಾತಕ್ಕೂ ಇರುವ ಸಹಸಂಬಂಧಗಳನ್ನು ರಾಶಿರಾಶಿಯಾಗಿ ಲೆಕ್ಕ ಹಾಕಿಸಿದವರು. ಅವರೇ 1914ರಲ್ಲಿ ಬರೆದ ಪ್ರಬಂಧವೊಂದರಲ್ಲಿ, ಹಲವು ಸಹಸಂಬಂಧಗಳಲ್ಲಿ ಅತಿ ದೊಡ್ಡದನ್ನು ಆರಿಸಿದಾಗ ಅದನ್ನು ಒಂಟಿ ಸಹಸಂಬಂಧದ ಅಳತೆಗೋಲಿನಿಂದ ಅಳೆಯಕೂಡದು, ಎಷ್ಟರಿಂದ ಆರಿಸಿದ್ದು ಎಂಬುದಕ್ಕೆ ತಕ್ಕಂತೆ ಅಳತೆಗೋಲನ್ನೇ ಬಿಗಿ ಮಾಡಬೇಕು ಎಂದು ವಿವರಿಸಿದರು. ಅಕಾಯಿಕೆಗಿಂತ ಸುಮಾರು ಆರು ದಶಕ ಮೊದಲೇ ನಮ್ಮ ಮಳೆಯ ಲೆಕ್ಕದಿಂದ ಹುಟ್ಟಿದ ವಿವೇಕ ಇದು.

ಆ ವಿವೇಕವನ್ನು ನಾವು ಉಳಿಸಿಕೊಳ್ಳಲಿಲ್ಲ ಎನ್ನುವುದಕ್ಕೆ ಮುಂಗಾರಿನ ಮುನ್ಸೂಚನೆಯ ಚರಿತ್ರೆಯೇ ಸಾಕ್ಷಿ. 1988ರಿಂದ ಹವಾಮಾನ ಇಲಾಖೆ 16 ಸೂಚಕಗಳ ಮಾದರಿಯೊಂದನ್ನು ಬಳಸಿತು. ಕೆಲವೇ ದಶಕಗಳ ಅಂಕಿಗಳ ಮೇಲೆ 16 ಸೂಚಕಗಳು. ಆ ಸೂಚಕಗಳನ್ನೂ ಅವೇ ದಶಕಗಳಲ್ಲಿ ಮಳೆಯೊಡನೆ ಚೆನ್ನಾಗಿ ಹೊಂದಿದವು ಎಂದೇ ಆರಿಸಿದ್ದು. 1988ರಿಂದ 2001ರವರೆಗೆ ದೇಶದ ಮುಂಗಾರು ಸತತವಾಗಿ ವಾಡಿಕೆಯ ಮಟ್ಟದಲ್ಲೋ ಅದಕ್ಕಿಂತ ಮೇಲೋ ಇತ್ತು. ಅಷ್ಟೂ ವರ್ಷ ‘ಮಳೆ ವಾಡಿಕೆಯಂತೆ’ ಎಂದು ಕಣ್ಣುಮುಚ್ಚಿ ಹೇಳಿದವರೂ ಗೆದ್ದಿರುತ್ತಿದ್ದರು ಎಂಬುದನ್ನು ಮರೆಯಬಾರದು. 2002ರಲ್ಲಿ ಮಾದರಿ ಹೇಳಿದ್ದು ದೀರ್ಘಾವಧಿ ಸರಾಸರಿಯ 101 ಪ್ರತಿಶತ. ಬಂದದ್ದು 81 ಪ್ರತಿಶತ. ಆ ಜುಲೈಯಲ್ಲಿ ದೇಶದ ಮಳೆ ವಾಡಿಕೆಯ ಅರ್ಧದಷ್ಟಕ್ಕೆ ಕುಸಿಯಿತು. 2003ರಲ್ಲಿ 8 ಮತ್ತು 10 ಸೂಚಕಗಳ ಹೊಸ ಮಾದರಿಗಳು ಬಂದವು. 2004ರ ಬರವನ್ನು ಅವೂ ಹಿಡಿಯಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸುಲೋಚನಾ ಗಾಡ್ಗೀಳ್ ಮತ್ತು ಸಂಗಡಿಗರು 2005ರಲ್ಲಿ ಕರೆಂಟ್ ಸೈನ್ಸ್‌ನಲ್ಲಿ 1932ರಿಂದ 2004ರವರೆಗಿನ ಮುನ್ಸೂಚನೆಗಳನ್ನೆಲ್ಲ ತೂಗಿ ನೋಡಿ, ಮಾದರಿಗಳು ಮತ್ತೆ ಮತ್ತೆ ಬದಲಾದರೂ ಏಳು ದಶಕಗಳಲ್ಲಿ ಮುನ್ಸೂಚನೆಯ ಕೌಶಲ ಮೇಲೇರಲಿಲ್ಲ ಎಂದು ತೋರಿಸಿದರು. ಇದಕ್ಕೆ ಕಾರಣದ ಒಂದು ಭಾಗವನ್ನು ಡೆಲ್‌ಸೋಲ್ ಮತ್ತು ಜಗದೀಶ್ ಶುಕ್ಲಾ 2002ರಲ್ಲೇ ಹೇಳಿದ್ದರು: ಎರಡು ಮೂರು ಸೂಚಕಗಳ ರಿಗ್ರೆಷನ್, ಹೆಚ್ಚು ಸೂಚಕಗಳದಕ್ಕಿಂತ ಸರಾಸರಿಯಲ್ಲಿ ಚೆನ್ನಾಗಿ ಊಹಿಸುತ್ತದೆ. 2009ರಲ್ಲಿ ಅವರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಎಲ್ಲ ವರ್ಷಗಳ ಅಂಕಿ ನೋಡಿ ಸೂಚಕಗಳನ್ನು ಆರಿಸಿಕೊಂಡು, ಆಮೇಲೆ ಒಂದೊಂದು ವರ್ಷವನ್ನು ಬದಿಗಿಟ್ಟು ಪರೀಕ್ಷೆ ಮಾಡಿದರೆ ಆ ಪರೀಕ್ಷೆ ಹುಸಿ ಕೌಶಲವನ್ನು ತೋರಿಸುತ್ತದೆ. ಬದಿಗಿಟ್ಟೆವು ಎಂದುಕೊಂಡ ವರ್ಷ ಆಯ್ಕೆಯ ಹೊತ್ತಿನಲ್ಲಿ ಒಳಗೇ ಇತ್ತಲ್ಲ.

ಈಗ ಕರಾವಳಿಗೆ ಬರೋಣ. ಡಿ.ಎಂ. ಭಟ್ ಮತ್ತು ಸಂಗಡಿಗರು 1984ರಿಂದ 1994ರವರೆಗೆ ಉತ್ತರ ಕನ್ನಡದ ಕಾಡುಗಳಲ್ಲಿ ಒಂದೊಂದು ಹೆಕ್ಟೇರಿನ ಎಂಟು ತಾಕುಗಳಲ್ಲಿ ಮರಗಳ ಹುಟ್ಟು, ಸಾವು, ಬೆಳವಣಿಗೆಯನ್ನು ಹಿಂಬಾಲಿಸಿ ನೋಡಿದ ಅಧ್ಯಯನ 2000ದಲ್ಲಿ ಕರೆಂಟ್ ಸೈನ್ಸ್‌ನಲ್ಲಿ ಬಂತು. ಉಷ್ಣವಲಯದ ಕಾಡಿನ ಬಗ್ಗೆ ಇಂಥ ತಾಳ್ಮೆಯ ದಾಖಲೆ ಅಪರೂಪ, ಅದನ್ನು ಉಳಿಸಿಕೊಟ್ಟವರಿಗೆ ನಾವು ಋಣಿಗಳು. ಇಂಥ ದತ್ತಾಂಶವನ್ನು ಹೊಸ ಸಂಶೋಧಕರೊಬ್ಬರು ಕೈಗೆತ್ತಿಕೊಂಡು, ಮರದ ಸಾವಿಗೆ ಏನು ಕಾರಣ ಎಂದು ಮಾದರಿ ಕಟ್ಟುತ್ತಾರೆ ಎಂದುಕೊಳ್ಳಿ. ನಮೂನೆಯ ಗಾತ್ರ ಎಷ್ಟು? ಹೆಕ್ಟೇರಿಗೆ 500 ಮರ ಎಂದಿಟ್ಟುಕೊಂಡರೆ 4,000 ಮರಗಳು. ಬಿಐಸಿಯ ದಂಡ 8.3. ತಾಕುಗಳನ್ನು ಎಣಿಸಿದರೆ ಎಂಟು. ದಂಡ ಬರೀ 2.1, ಅಂದರೆ ಹೆಚ್ಚುಕಡಿಮೆ ಎಐಸಿಯಷ್ಟೇ. ಒಂದೇ ದತ್ತಾಂಶ, ಒಂದೇ ಸೂತ್ರ, ಆದರೆ ಉತ್ತರಗಳು ಎರಡು. ಮರದ ದಪ್ಪ, ಜಾತಿ, ನೆರಳು ಮರದಿಂದ ಮರಕ್ಕೆ ಬದಲಾಗುತ್ತವೆ. ಅವಕ್ಕೆ ಸಾವಿರಾರು ಸಾಕ್ಷಿಗಳಿವೆ. ಮಳೆ, ಮಣ್ಣು, ಸೊಪ್ಪು ಸೌದೆಗೆ ಜನ ಕಾಡಿಗೆ ಬರುವುದು, ಕರಾವಳಿಯಿಂದಿರುವ ದೂರ ಇವು ತಾಕಿನಿಂದ ತಾಕಿಗೆ ಮಾತ್ರ ಬದಲಾಗುತ್ತವೆ. ಅವಕ್ಕೆ ಸಾಕ್ಷಿಗಳು ಎಂಟೇ. ಸಾಫ್ಟ್‌ವೇರ್ ಈ ವ್ಯತ್ಯಾಸ ಅರಿಯದು, ಸಾಲುಗಳನ್ನು ಎಣಿಸಿ ಉತ್ತರ ಕೊಡುತ್ತದೆ. ಕ್ರಾಸ್ ವ್ಯಾಲಿಡೇಶನ್‌ಗೂ ಇದೇ ಗತಿ. ನೂರು ಮರಗಳನ್ನು ಚೀಟಿ ಎತ್ತಿದಂತೆ ಬದಿಗಿಟ್ಟರೆ, ಅವುಗಳ ಪಕ್ಕದ ಮರಗಳು ಲೆಕ್ಕದ ಒಳಗೇ ಉಳಿದಿರುತ್ತವೆ, ಪರೀಕ್ಷೆ ಸುಲಭವಾಗಿಬಿಡುತ್ತದೆ. ಇಡೀ ತಾಕನ್ನೇ ಬದಿಗಿಡಬೇಕು. ಹಾಗೆ ಮಾಡಿದಾಗ ಎಷ್ಟೋ ಚಂದದ ಮಾದರಿಗಳು ಮಂಕಾಗುತ್ತವೆ. ಮಂಕಾಗುವುದೂ ಒಂದು ಫಲಿತಾಂಶವೇ, ಅದನ್ನು ಪ್ರಬಂಧದಲ್ಲಿ ಬರೆಯಲು ಹಿಂಜರಿಯಬೇಕಿಲ್ಲ.

ಮೀನಿನ ಅಂಕಿಗಳಲ್ಲಿ ತೊಡಕು ಬೇರೆ ಬಗೆಯದು. ಕರ್ನಾಟಕದ ಕರಾವಳಿಯಲ್ಲಿ ಊರಿಗೆ ಊರೇ ಕೂಡಿ ದಡಕ್ಕೆ ಎಳೆಯುತ್ತಿದ್ದ ರಂಪಣಿ ಬಲೆ, 1970ರ ದಶಕದ ನಡುವಿನಲ್ಲಿ ಪರ್ಸೀನ್ ದೋಣಿಗಳು ಬಂದ ಮೇಲೆ ಬೇಗ ಹಿಂದೆ ಸರಿಯಿತು. ಬಂಗಡೆ, ತಾರ್ಲೆಗಳ ಹಿಡುವಳಿಯ ಸಾಲಿನಲ್ಲಿ ಆ ಮೊದಲಿನ ಅಂಕಿಯೂ ಆಮೇಲಿನ ಅಂಕಿಯೂ ಒಂದೇ ಕಂಬಸಾಲಿನಲ್ಲಿ ಕೂತಿದ್ದರೂ ಅವು ಅಳೆಯುವುದು ಒಂದನ್ನೇ ಅಲ್ಲ. ಒಂದು ದಡದ ಹತ್ತಿರಕ್ಕೆ ಬಂದ ಮೀನು, ಇನ್ನೊಂದು ಆಳದಲ್ಲಿ ಹುಡುಕಿ ಸುತ್ತುಗಟ್ಟಿ ಹಿಡಿದ ಮೀನು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ದೋಣಿಗಳಿಗೆ ನಿಷೇಧವಿದೆ. ಆ ತಿಂಗಳುಗಳ ಸೊನ್ನೆ ಸಮುದ್ರ ಹೇಳಿದ ಸೊನ್ನೆಯಲ್ಲ, ಸರ್ಕಾರದ ನಿಯಮ ಬರೆಸಿದ ಸೊನ್ನೆ. ಇದನ್ನು ತಿಳಿಯದೆ ಯಾವ ಅಳತೆಯಿಂದ ಯಾವ ಮಾದರಿ ಆರಿಸಿದರೂ ವ್ಯರ್ಥ. ಹೇಗೆ ಮಾಡಬಹುದು ಎಂಬುದಕ್ಕೆ ನೆರೆಯ ಕೇರಳದ ಉದಾಹರಣೆ ಇದೆ. ನಮ್ಮ ತಾರ್ಲೆ, ದಕ್ಷಿಣ ಕನ್ನಡದ ಬೂತಾಯಿ, ಮಲಯಾಳಿಗಳ ಮತ್ತಿ ಒಂದೇ ಮೀನು. ಎಲಿಜಬೆತ್ ಹೋಮ್ಸ್ ಮತ್ತು ಸಂಗಡಿಗರು 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಳೆ, ತಳದ ತಣ್ಣೀರು ಮೇಲೇಳುವುದು, ಸಮುದ್ರದ ಮೇಲ್ಮೈ ಉಷ್ಣತೆ ಮುಂತಾಗಿ ಹಿಂದಿನ ವಿಜ್ಞಾನಿಗಳು ಸೂಚಿಸಿದ ಕಾರಣಗಳನ್ನು ಹಿಡಿದು ಹೊರಟು, ಪ್ರತಿಯೊಂದೂ ಕಾಣದ ವರ್ಷಗಳ ಹಿಡುವಳಿಯನ್ನು ಊಹಿಸಲು ನೆರವಾಗುತ್ತದೆಯೇ ಎಂದು ನೋಡಿದರು. ಎರಡೂವರೆ ವರ್ಷಗಳ ಸರಾಸರಿ ಉಷ್ಣತೆ ಮುಂದೆ ನಿಂತಿತು. ಅಂಶಗಳ ಪಟ್ಟಿ ಜೀವಶಾಸ್ತ್ರದಿಂದ ಬಂತು, ಗಣಕಯಂತ್ರದ ಹುಡುಕಾಟದಿಂದ ಬರಲಿಲ್ಲ ಎಂಬುದೇ ಇಲ್ಲಿ ಗಮನಿಸಬೇಕಾದ್ದು.

ಮಂಗನ ಕಾಯಿಲೆಯ ವಿಷಯದಲ್ಲಿ ಎಡವಿದರೆ ಪೆಟ್ಟು ಜನರಿಗೇ ಬೀಳುತ್ತದೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ ಗುರುತಿಸಿದ ಈ ರೋಗ ಘಟ್ಟ ಇಳಿದು ಹೊನ್ನಾವರ, ಭಟ್ಕಳದ ಕಾಡಂಚಿಗೂ ಬಂತು. ಬೆಥನ್ ಪರ್ಸ್ ಮತ್ತು ಸಂಗಡಿಗರು 2020ರಲ್ಲಿ ಪ್ರಕಟಿಸಿದ ಮಾದರಿಯಲ್ಲಿ ಕಾಡು, ತೋಟ, ಗದ್ದೆ ಕಲೆಸಿಕೊಂಡಿರುವ ನೆಲ ಮತ್ತು ನಾಡ ದನಗಳ ಸಾಂದ್ರತೆ ಅಪಾಯದೊಡನೆ ಕೂಡಿ ಕಾಣುತ್ತವೆ. ಎಲ್ಲಿ ಮೊದಲು ಎಚ್ಚರ ವಹಿಸಬೇಕು ಎಂಬ ನಕ್ಷೆಗೆ ಇದು ಒಳ್ಳೆಯ ಆಧಾರ. ಆದರೆ ಆಯ್ಕೆಯಾಗಿ ಉಳಿದ ಅಂಶವನ್ನು ಕಾರಣವೆಂದು ಓದುವ ಚಾಳಿ ನಮ್ಮ ಪ್ರಬಂಧಗಳಲ್ಲಿ ಬಲವಾಗಿದೆ. ದನ ಉಣುಗನ್ನು ಹೊತ್ತು ತರುತ್ತದೆಯೋ, ದನವಿರುವ ಮನೆಯವರು ಸೊಪ್ಪಿಗೆ ಕಾಡಿಗೆ ಹೆಚ್ಚು ಹೋಗುತ್ತಾರೋ ಎಂಬುದನ್ನು ಎಐಸಿ ಹೇಳಲಾರದು. ಊಹೆಗಾಗಿ ಆರಿಸಿದ ಮಾದರಿಯಿಂದ ಕಾರಣ ತೆಗೆದು, ದನ ಸಾಕುವುದರ ಮೇಲೆ ಶಿಫಾರಸು ಬರೆದರೆ ಬಡವರ ಕೊಟ್ಟಿಗೆ ಖಾಲಿಯಾದೀತು, ಕಾಯಿಲೆ ಉಳಿದೀತು.

ಇದಕ್ಕೆಲ್ಲ ಆಕ್ಷೇಪಗಳಿವೆ, ಅವು ಹಗುರವಾದವಲ್ಲ. ಮೊದಲನೆಯದು ಕ್ಷೇತ್ರ ವಿಜ್ಞಾನಿಗಳದು: ನಮಗೆ ಮೊದಲೇ ಏನೂ ಗೊತ್ತಿರುವುದಿಲ್ಲ, ಹುಡುಕದೆ ಹೊಸದು ಸಿಗುವುದಾದರೂ ಹೇಗೆ? ನಿಜ, ಹುಡುಕಾಟ ಬೇಡವೆಂದರೆ ವಿಜ್ಞಾನವೇ ನಿಲ್ಲುತ್ತದೆ. ವಾಕರ್ ಸಹ ಹುಡುಕಿದವರೇ. ಹುಡುಕಿದ್ದರಿಂದಲೇ ದಕ್ಷಿಣ ಗೋಳಾರ್ಧದ ಒತ್ತಡದ ಏರಿಳಿತ ಅವರಿಗೆ ಕಂಡಿತು. ಕೇಳುತ್ತಿರುವುದು ಇಷ್ಟೇ: ಹುಡುಕಿ ಸಿಕ್ಕಿದ್ದನ್ನು ಹುಡುಕಿ ಸಿಕ್ಕಿದ್ದೆಂದೇ ಬರೆಯಿರಿ, ಪಿ-ಮೌಲ್ಯದ ಉಡುಪು ತೊಡಿಸಿ ಸಾಬೀತಾದದ್ದೆಂದು ನಿಲ್ಲಿಸಬೇಡಿ. ಎಷ್ಟು ಮಾದರಿಗಳನ್ನು ಪ್ರಯತ್ನಿಸಿದಿರಿ, ಯಾವ ಅಂಶಗಳನ್ನು ಯಾವ ಹಂತದಲ್ಲಿ ಬಿಟ್ಟಿರಿ ಎಂಬುದು ಪ್ರಬಂಧದ ಅನುಬಂಧದಲ್ಲಿ ಇರಲಿ. ಪ್ರಯೋಗಾಲಯದ ವಹಿಯಷ್ಟೇ ಅದೂ ಸಾಕ್ಷ್ಯ.

ಎರಡನೆಯ ಆಕ್ಷೇಪ, ಅಂಕಿಗಳೇ ಕಡಿಮೆ ಇರುವಾಗ ಒಂದು ಭಾಗವನ್ನು ಬದಿಗಿಡುವುದು ದುಬಾರಿ ಎಂಬುದು. ಎಂಟು ತಾಕುಗಳಲ್ಲಿ ಎರಡನ್ನು ಎತ್ತಿಟ್ಟರೆ ಉಳಿಯುವುದೇನು? ಈ ಮಾತಿನಲ್ಲಿ ಹುರುಳಿದೆ. ಆದರೆ ಅದರಿಂದ ಹೊರಡುವ ತೀರ್ಮಾನ ಬೇರೆ. ಅಂಕಿ ಕಡಿಮೆಯಿದ್ದಷ್ಟೂ ಪಟ್ಟಿ ಚಿಕ್ಕದಾಗಿರಬೇಕು. ಸಾವಿರ ಮಾದರಿಗಳ ನಡುವೆ ಆರಿಸುವಷ್ಟು ಕಸುವು ಎಂಟು ತಾಕುಗಳಿಗಿಲ್ಲ. ನಾಲ್ಕೈದು ಮಾದರಿಗಳನ್ನು ಕಾಡು ಬಲ್ಲವರೊಡನೆ ಕೂತು ಮೊದಲೇ ಬರೆದಿಟ್ಟುಕೊಂಡರೆ, ಹರ್ವಿಚ್ ಮತ್ತು ತ್ಸಾಯ್ 1989ರಲ್ಲಿ ಸಣ್ಣ ನಮೂನೆಗೆಂದು ತಿದ್ದಿಕೊಟ್ಟ ಎಐಸಿಯ ರೂಪವೂ ಕೆಲಸ ಮಾಡುತ್ತದೆ, ತಾಕು ತಾಕಾಗಿ ಪರೀಕ್ಷಿಸಲೂ ಬರುತ್ತದೆ. ಒಂದನ್ನೇ ಆರಿಸದೆ ಎಲ್ಲ ಮಾದರಿಗಳ ತೂಕದ ಸರಾಸರಿ ತೆಗೆದರಾಯಿತು ಎನ್ನುವವರೂ ಇದ್ದಾರೆ. ಒಳ್ಳೆಯದೇ, ಆದರೆ ಯಾವ ಮಾದರಿಗಳು ಪಟ್ಟಿಗೆ ಬಂದವು ಎಂಬ ಪ್ರಶ್ನೆ ಅಲ್ಲೂ ಕಾದಿರುತ್ತದೆ.

ಮೂರನೆಯದು ಈಗಿನ ಹುರುಪಿನ ಮಾತು: ಮೆಷಿನ್ ಲರ್ನಿಂಗ್ ಬಂದಿದೆ, ಮಾದರಿ ಆಯ್ಕೆಯ ತಲೆನೋವು ಮುಗಿಯಿತು. ಲಿಯೋ ಬ್ರೈಮನ್ 2001ರಲ್ಲಿ, ಸಂಖ್ಯಾಶಾಸ್ತ್ರಜ್ಞರು ಸಮೀಕರಣಗಳಿಗೆ ಅಂಟಿ ಊಹೆಯ ನಿಖರತೆಯನ್ನು ಕಡೆಗಣಿಸಿದರು ಎಂದು ಗದರಿಸಿದ್ದು ಸರಿಯೇ ಇತ್ತು. ಆದರೆ ನೂರು ಮರಗಳ ರ‍್ಯಾಂಡಮ್ ಫಾರೆಸ್ಟ್ ಆಗಲಿ ಲ್ಯಾಸೊ ಆಗಲಿ, ಒಳಗೆ ನಡೆಸುವುದು ಇನ್ನೂ ದೊಡ್ಡ ಹುಡುಕಾಟವನ್ನೇ. ಎಂಟು ತಾಕುಗಳು ಅಲ್ಲೂ ಎಂಟೇ, ರಂಪಣಿಯ ಅಂಕಿ ಅಲ್ಲೂ ರಂಪಣಿಯದೇ. ಬೆಲೆ ತೆರುವ ಜಾಗ ಬದಲಾಗಿದೆ ಅಷ್ಟೆ.

ಇನ್ನು ಉಳಿದಿರುವುದು ವ್ಯವಸ್ಥೆಯ ಮಾತು. ಯುಜಿಸಿಯ 2022ರ ನಿಯಮದಂತೆ ಪಿಎಚ್‌.ಡಿ. ಕೋರ್ಸ್‌ವರ್ಕ್‌ಗೆ ಕನಿಷ್ಠ 12 ಕ್ರೆಡಿಟ್, ಸಂಶೋಧನೆ ಮತ್ತು ಪ್ರಕಟಣೆಯ ನೀತಿಯ ಪತ್ರಿಕೆಯೂ ಅದರೊಳಗೆ. ಕೃತಿಚೌರ್ಯದ ಬಗ್ಗೆ ಅಲ್ಲಿ ಪಾಠವಿದೆ. ಸಾವಿರ ಮಾದರಿಗಳಲ್ಲಿ ಒಂದನ್ನು ತೋರಿಸಿ 999ನ್ನು ಮುಚ್ಚಿಡುವುದೂ ಓದುಗರಿಗೆ ಮಾಡುವ ಅನ್ಯಾಯವೇ, ಅದು ಸಂಖ್ಯಾಶಾಸ್ತ್ರದ ತರಗತಿಯಲ್ಲೂ ನೀತಿಯ ತರಗತಿಯಲ್ಲೂ ಬರಬೇಕು. ಮೂರು ನಾಲ್ಕು ವರ್ಷಗಳಲ್ಲಿ ಮುಗಿಸಬೇಕಾದ ಹುಡುಗ ಹುಡುಗಿಯರ ಮೇಲೆ ಇನ್ನಷ್ಟು ಹೊರೆ ಹಾಕುವುದೇ ಎಂದು ಮಾರ್ಗದರ್ಶಕರು ಕೇಳುವುದು ಸಹಜ. ಹೊರೆಯ ಹೆಚ್ಚು ಪಾಲು ಮೊದಲ ವರ್ಷದ್ದು: ಪ್ರಶ್ನೆ ಬರೆಯುವುದು, ನಮೂನೆಯ ಘಟಕ ಯಾವುದೆಂದು ತೀರ್ಮಾನಿಸುವುದು, ಮಾದರಿಗಳ ಪಟ್ಟಿಗೆ ತಾರೀಖು ಹಾಕಿ ಮಾರ್ಗದರ್ಶಕರ ಸಹಿ ಪಡೆಯುವುದು. ಆಮೇಲಿನ ಪರೀಕ್ಷೆಯನ್ನು ಈ ಕರಾವಳಿಯೇ ಒದಗಿಸುತ್ತದೆ. ತಾರ್ಲೆಯ ಮುನ್ಸೂಚನೆಯ ಮೇಲೆ ಕೆಲಸ ಮಾಡುವವರು ಜುಲೈ 31ರೊಳಗೆ ತಮ್ಮ ಅಂದಾಜನ್ನು ಬರೆದು ವಿಭಾಗದಲ್ಲಿ ಒಪ್ಪಿಸಲಿ. ಆಗಸ್ಟ್ 1ಕ್ಕೆ ತದಡಿ, ಕಾಸರಕೋಡು, ತೆಂಗಿನಗುಂಡಿಯಿಂದ ದೋಣಿಗಳು ಹೊರಡುತ್ತವೆ. ಡಿಸೆಂಬರ್ ಹೊತ್ತಿಗೆ, ಯಾರೂ ಮೊದಲೇ ನೋಡಿರಲು ಸಾಧ್ಯವಿಲ್ಲದ ಅಂಕಿಗಳು ಬಂದರಿನ ಪುಸ್ತಕದಲ್ಲಿ ಇರುತ್ತವೆ.